ಐವತ್ತು ರೂಪಾಯಿ ಕಟ್ಟಿದರೆ ಮುಗಿಯಿತು

ಸಾಕಿದ ನಾಯಿಯನ್ನು ಕಟ್ಟಿಹಾಕಿ ದಿನವೂ ಬಡಿಯುವವನು, ಅದಕ್ಕೆ ಅನ್ನ ನೀರು ಕೊಡದೆ ಸೊರಗಿಸುವವನು ಮೊದಲ ಸಲ ಸಿಕ್ಕಿಬಿದ್ದರೆ ಕಟ್ಟಬೇಕಾದ ದಂಡ ಕನಿಷ್ಠ 10 ರೂಪಾಯಿ, ಹೆಚ್ಚೆಂದರೆ 50. ಮೂರು ವರ್ಷದೊಳಗೆ ಅದನ್ನೇ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಹೇಳುವುದು ಇಷ್ಟೇ. ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರಿಂದ ಹುಟ್ಟಿಕೊಂಡ ಕಾಯ್ದೆ ಇದು. ಆಗ 50 ರೂಪಾಯಿ ಕಟ್ಟುವವನ ಕೈ ಸುಡುತ್ತಿತ್ತು. ಈಗ ಅದು ಒಳ್ಳೆಯ ಹೋಟೆಲಿನಲ್ಲಿ ಎರಡು ಕಾಫಿಗೂ ಸಾಲದು.

ದಂಡ ಚಿಕ್ಕದಾಯಿತು ಎನ್ನುವುದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇದೆ. ನಮ್ಮ ಕ್ರಿಮಿನಲ್ ಪ್ರಕ್ರಿಯೆಯಲ್ಲಿ ಶಿಕ್ಷೆಯ ಪ್ರಮಾಣವೇ ಪೊಲೀಸರ ಅಧಿಕಾರವನ್ನು ನಿರ್ಧರಿಸುತ್ತದೆ. ಇಂಥ ವಿಶೇಷ ಕಾಯ್ದೆಗಳಲ್ಲಿ ಮೂರು ವರ್ಷಕ್ಕಿಂತ ಕಡಿಮೆ ಸೆರೆಯಿರುವ ಅಪರಾಧ ಸಾಮಾನ್ಯವಾಗಿ ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ, ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ಅಂಗಛೇದ, ಕೊಲೆಯಂಥ ಕೆಲವನ್ನು ಕಾಯ್ದೆ ಈ ನಿರ್ಬಂಧದಿಂದ ಹೊರಗಿಟ್ಟಿದೆ, ನಿಜ. ಆದರೆ ಹೊಡೆಯುವುದು, ಉಪವಾಸ ಕೆಡವುವುದು, ಮಿತಿಮೀರಿ ಭಾರ ಹೇರುವುದು, ಹೀಗೆ ದಿನನಿತ್ಯದ ಕ್ರೌರ್ಯವೆಲ್ಲ ಠಾಣೆಯ ಎನ್‌ಸಿ (ಅಸಂಜ್ಞೇಯ ದೂರು) ಪುಸ್ತಕದ ಒಂದು ಸಾಲಾಗಿ ಉಳಿಯುತ್ತದೆ. ಜೊತೆಗೆ, ಘಟನೆ ನಡೆದು ಮೂರು ತಿಂಗಳು ಕಳೆದರೆ ಈ ಕಾಯ್ದೆಯಡಿ ಮೊಕದ್ದಮೆ ಹೂಡುವಂತೆಯೇ ಇಲ್ಲ. ಶಿಕ್ಷೆ ಕಠಿಣವಾದ ಮಾತ್ರಕ್ಕೆ ಅಪರಾಧ ನಿಲ್ಲದು, ಸಿಕ್ಕಿಬೀಳುವುದು ಖಚಿತವಾಗಬೇಕು ಎನ್ನುವವರ ಮಾತನ್ನು ನಾನು ಪೂರಾ ಒಪ್ಪುತ್ತೇನೆ. ಇಲ್ಲಿ ಮಾತ್ರ ಶಿಕ್ಷೆ ಏರದ ಹೊರತು ಆ ಖಚಿತತೆ ಬರುವ ದಾರಿಯೇ ಇಲ್ಲ.

ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆಯಲ್ಲ, ಐದು ವರ್ಷದವರೆಗೆ ಸೆರೆ ಸಾಲದೇ ಎಂದು ಕೇಳಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಈ ಸೆಕ್ಷನ್ ಒಂದು ಒಳ್ಳೆಯ ಕೆಲಸ ಮಾಡಿದೆ: ಪ್ರಾಣಿಯ ಬೆಲೆ 10 ರೂಪಾಯಿಯೋ 50 ರೂಪಾಯಿಯೋ ಎಂದು ಅಳೆಯುತ್ತಿದ್ದ ಹಳೆಯ ಲೆಕ್ಕವನ್ನು ಕೈಬಿಟ್ಟಿದೆ. 2025ರ ಜನವರಿಯಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹಸುಗಳ ಕೆಚ್ಚಲು ಕೊಯ್ದಾಗ ಬಂಧನವೂ ಆಯಿತು. ಆದರೆ ಈ ಸೆಕ್ಷನ್ ಕೊಲ್ಲುವುದು, ವಿಷವಿಡುವುದು, ಊನ ಮಾಡುವುದಕ್ಕಷ್ಟೇ ಅನ್ವಯ. ಅದಿರುವುದು ಆಸ್ತಿಗೆ ಸಂಬಂಧಿಸಿದ ಅಪರಾಧಗಳ ಅಧ್ಯಾಯದಲ್ಲಿ. ಇನ್ನೊಬ್ಬರಿಗೋ ಸಾರ್ವಜನಿಕರಿಗೋ ನಷ್ಟ ಮಾಡುವ ಉದ್ದೇಶವಿತ್ತು ಅಥವಾ ನಷ್ಟವಾಗಬಹುದೆಂಬ ಅರಿವಿತ್ತು ಎಂದು ಸಾಬೀತುಪಡಿಸಬೇಕು. ಹಸುವಿನ ಒಡೆಯನಿಗೆ ನಷ್ಟವಾಯಿತು, ಸರಿ. ಒಡೆಯನೇ ಹಿಂಸಿಸಿದರೆ? ಅವನು ಮತ್ತೆ ಆ 50 ರೂಪಾಯಿಯ ಆಶ್ರಯಕ್ಕೆ ಬರುತ್ತಾನೆ.

ಗಟ್ಟಿಯಾದ ಆಕ್ಷೇಪ ಇನ್ನೊಂದು. ಕಾನೂನು ಬಿಗಿಯಾದರೆ ಮೊದಲು ಸಿಕ್ಕಿಬೀಳುವವನು ಎತ್ತಿನ ಗಾಡಿಯವನು, ಕುದುರೆ ಟಾಂಗಾದವನು. ಮೇವು ಕೊಳ್ಳಲಾಗದ ರೈತನನ್ನು ಜೈಲಿಗೆ ಹಾಕುತ್ತೀರಾ? ಖಂಡಿತ ಬೇಡ. ಬಡತನದ ಅಲಕ್ಷ್ಯಕ್ಕೆ ಎಚ್ಚರಿಕೆ, ಪಶುವೈದ್ಯರ ನೆರವು, ಅದಕ್ಕೂ ಬಗ್ಗದಿದ್ದರೆ ದಂಡ ಸಾಕು. ಬೇಕೆಂದೇ ಕೊಡುವ ಚಿತ್ರಹಿಂಸೆಯನ್ನು ಅದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುತ್ತಿರುವುದು ಈಗಿನ ಕಾಯ್ದೆಯೇ. ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಪ್ರಕಟಿಸಿದ ತಿದ್ದುಪಡಿ ಕರಡು ಘೋರ ಕ್ರೌರ್ಯವನ್ನು ಬೇರೆ ಅಪರಾಧವಾಗಿ ವಿಂಗಡಿಸಿ, ಮೂರು ವರ್ಷದವರೆಗೆ ಸೆರೆಯನ್ನು ಸೂಚಿಸಿತ್ತು. ಬ್ರಿಟನ್ 2021ರಲ್ಲಿ ತನ್ನ ಗರಿಷ್ಠ ಶಿಕ್ಷೆಯನ್ನು ಆರು ತಿಂಗಳಿಂದ ಐದು ವರ್ಷಕ್ಕೆ ಏರಿಸಿಯಾಗಿದೆ. ನಮ್ಮಲ್ಲಿ ಸುಪ್ರೀಂ ಕೋರ್ಟ್ 2014ರಲ್ಲೇ, ಜಲ್ಲಿಕಟ್ಟು ಪ್ರಕರಣದ ತೀರ್ಪಿನಲ್ಲಿ, 11ನೇ ಸೆಕ್ಷನ್ನಿನ ಶಿಕ್ಷೆ ಸಾಲದು, ಸಂಸತ್ತು ಅದನ್ನು ತಿದ್ದಬೇಕು ಎಂದಿತ್ತು. ಮುಂದಿನ ಸಲ ನಿಮ್ಮ ಸಂಸದರು ಊರಿಗೆ ಬಂದಾಗ 2022ರ ಆ ಕರಡು ಎಲ್ಲಿಗೆ ಬಂತು ಎಂದು ಕೇಳಿ.