ಮೆಡಿಕಲ್ ಶಟರ್ ಇಳಿಯದಂತೆ ನೋಡಿಕೊಂಡದ್ದು ಹೇಗೆ?

2020ರ ಮಾರ್ಚ್ 25. ಕೊರೊನಾ ಭಯಕ್ಕೆ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತ್ತು. ಮುಂಬೈ ಬಳಿಯ ಉಲ್ಹಾಸನಗರದಲ್ಲಿ, ‘ಕ್ಯಾಂಪು’ ಎಂದು ಕರೆಯುವ ಬಡಾವಣೆಗಳಲ್ಲಿ ಬಟ್ಟೆ, ಫರ್ನಿಚರ್ ಬಜಾರೆಲ್ಲ ಬಂದ್. ಔಷಧಿ ಅಂಗಡಿಗೆ ವಿನಾಯಿತಿ ಇತ್ತು.

ವಿನಾಯಿತಿ ಸಿಕ್ಕರೆ ಸಾಕೇ? ಗಲ್ಲಿಯ ಮೆಡಿಕಲ್ ಅಂದರೆ ಇಕ್ಕಟ್ಟಾದ ಜಾಗ, ಒಳಗೆ ಇಬ್ಬರೋ ಮೂವರೋ. ಜ್ವರ ಬಂದವರು ಡಾಕ್ಟರಿಗಿಂತ ಮೊದಲು ಬರುವುದೂ ಅಲ್ಲಿಗೇ. ಎಷ್ಟೋ ಅಂಗಡಿಗಳಲ್ಲಿ ಕೌಂಟರಿನ ಮುಂದೆ ಪ್ಲಾಸ್ಟಿಕ್ ಹಾಳೆ ಇಳಿಬಿತ್ತು. ಬಾಗಿಲಿಗೆ ಅಡ್ಡ ಹಗ್ಗ, ರಸ್ತೆಯಲ್ಲಿ ಸುಣ್ಣದ ವೃತ್ತ. ಚೀಟಿ ವಾಟ್ಸ್‌ಆ್ಯಪ್‌ನಲ್ಲಿ, ಮಾತ್ರೆ ಟ್ರೇಯಲ್ಲಿ.

ನಿಜವಾದ ತಲೆನೋವು ಬೇರೆಯೇ. ಡಾಕ್ಟರ ಚೀಟಿಯ ಔಷಧಿ ಕೊಡಲು ನೋಂದಾಯಿತ ಫಾರ್ಮಸಿಸ್ಟ್ ಇರಲೇಬೇಕು, ಇದು ಕಾನೂನು. ಅವರೊಬ್ಬರು ಕ್ವಾರಂಟೈನ್ ಆದರೆ ಫ್ರಿಜ್ಜಿನಲ್ಲಿರುವ ಇನ್ಸುಲಿನ್ ಇದ್ದೂ ಇಲ್ಲದಂತೆ! ದೊಡ್ಡ ಅಂಗಡಿಯಾದರೆ ಎರಡು ಪಾಳಿ ಮಾಡಿ, ಒಬ್ಬರ ಮುಖ ಇನ್ನೊಬ್ಬರು ನೋಡದಂತೆ ನಡೆಸಬಹುದು. ಒಬ್ಬರೇ ಫಾರ್ಮಸಿಸ್ಟ್ ಇರುವ ಅಂಗಡಿಗೆ ಆ ಭಾಗ್ಯವಿಲ್ಲ. ಸಾಲದ್ದಕ್ಕೆ ಲೋಕಲ್ ರೈಲೂ ಜನಸಾಮಾನ್ಯರಿಗೆ ನಿಂತಿತ್ತು. ಕಲ್ಯಾಣ, ಡೊಂಬಿವಲಿ ಕಡೆಯಿಂದ ಕೆಲಸಕ್ಕೆ ಬರುವವರು ಏನು ಮಾಡಬೇಕು?

ಈ ಗೊಂದಲದ ನಡುವೆಯೇ ಮಾರ್ಚ್ 26ರಂದು ಕೇಂದ್ರ ಸರ್ಕಾರ ಎರಡು ಆದೇಶ ಹೊರಡಿಸಿತು. ಒಂದು, ಚೀಟಿಯ ಔಷಧಿಯನ್ನು ಮನೆಬಾಗಿಲಿಗೆ ತಲುಪಿಸಲು ಅನುಮತಿ. ಇನ್ನೊಂದು, ಹೈಡ್ರಾಕ್ಸಿಕ್ಲೋರೋಕ್ವಿನ್ ಮಾರಾಟಕ್ಕೆ ಶೆಡ್ಯೂಲ್ ಎಚ್1 ನಿಯಮ. ಯಾವ ಡಾಕ್ಟರು ಬರೆದರು, ಯಾರಿಗೆ, ಎಷ್ಟು, ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಯಾಕೆ? ಕೊರೊನಾಗೆ ಇದೇ ಮದ್ದಂತೆ ಎಂದು ಆರೋಗ್ಯವಂತರೂ ಸ್ಟ್ರಿಪ್ಪುಗಟ್ಟಲೆ ಕೇಳತೊಡಗಿದ್ದರು. ಲೂಪಸ್, ಸಂಧಿವಾತದವರಿಗೆ ದಿನಾ ಬೇಕಾದ ಮಾತ್ರೆ ಅದು. ಹತ್ತು ವರ್ಷದಿಂದ ಬರುತ್ತಿದ್ದ ಗಿರಾಕಿಗೂ, ‘ಚೀಟಿ ಇಲ್ಲದೆ ಕೊಡಲ್ಲ ಅಣ್ಣಾ’ ಅನ್ನುವ ಕೆಲಸ ಮಾತ್ರ ಕೌಂಟರಿನವರ ಪಾಲಿಗೇ ಬಿತ್ತು.