ಬಾರ್ಡ್‌ವೆಲ್ ರಸ್ತೆಯ ಡ್ರ್ಯಾಗನ್‌ಗಳು

ಆಕ್ಸ್‌ಫರ್ಡಿನ ಪ್ರಾಧ್ಯಾಪಕರು ಮದುವೆಯಾಗದಿದ್ದರೆ ಆ ಊರಿನಲ್ಲಿ ಡ್ರ್ಯಾಗನ್ ಶಾಲೆ ಹುಟ್ಟುತ್ತಲೇ ಇರಲಿಲ್ಲವೇನೋ. ಹತ್ತೊಂಬತ್ತನೇ ಶತಮಾನದ ಬಹುಭಾಗ ಅಲ್ಲಿನ ಕಾಲೇಜುಗಳ ಫೆಲೋಗಳು ಮದುವೆಯಾದರೆ ಹುದ್ದೆ ಬಿಡಬೇಕಿತ್ತು. 1870ರ ದಶಕದಲ್ಲಿ ಈ ಕಟ್ಟುಪಾಡು ಸಡಿಲವಾಗುತ್ತಾ ಬಂತು. ಊರಿನ ಉತ್ತರ ಭಾಗದಲ್ಲಿ ದೊಡ್ಡ ದೊಡ್ಡ ಮನೆಗಳೆದ್ದವು, ಮನೆತುಂಬ ಮಕ್ಕಳಾದವು. ಆ ಮಕ್ಕಳನ್ನು ಓದಿಸುವುದೆಲ್ಲಿ ಎಂಬ ಪ್ರಶ್ನೆ ಬಂದಾಗ ಕೆಲವು ಪ್ರಾಧ್ಯಾಪಕರೇ ಸಮಿತಿ ಮಾಡಿಕೊಂಡು 1877ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಜೈಲ್ಸ್ ಬೀದಿಯ ಒಂದು ಕಟ್ಟಡದಲ್ಲಿ ಶಾಲೆ ತೆರೆದರು. ಮೊದಲ ದಿನ ಬಂದವರು 14 ಹುಡುಗರು.

ಶಾಲೆಯ ಆಗಿನ ಅಧಿಕೃತ ಹೆಸರು ಆಕ್ಸ್‌ಫರ್ಡ್ ಪ್ರಿಪರೇಟರಿ ಸ್ಕೂಲ್. ಆದರೆ ಸಮಿತಿಯಲ್ಲಿ ಜಾರ್ಜ್ ಎಂಬ ಹೆಸರಿನ ಉತ್ಸಾಹಿಯೊಬ್ಬರಿದ್ದರು. ಇಂಗ್ಲೆಂಡಿನ ಸಂತ ಜಾರ್ಜ್ ಡ್ರ್ಯಾಗನ್ನನ್ನು ಕೊಂದ ಕತೆ ಆ ಹುಡುಗರಿಗೆ ಬಾಯಿಪಾಠ. ಅವರು ಜಾರ್ಜ್ ಆದರೆ ನಾವು ಡ್ರ್ಯಾಗನ್‌ಗಳು ಎಂದು ತಮಗೆ ತಾವೇ ನಾಮಕರಣ ಮಾಡಿಕೊಂಡರು. ಆ ತಮಾಷೆಯೇ ಉಳಿದು ಕೊನೆಗೆ ಶಾಲೆಯ ಹೆಸರಾಯಿತು. 1889ರಲ್ಲಿ ಶುರುವಾದ ಶಾಲಾ ಪತ್ರಿಕೆಗೂ ‘ಡ್ರಕೋನಿಯನ್’ ಎಂದೇ ಹೆಸರು.

ಇಂಥ ಪ್ರಿಪರೇಟರಿ, ಅಂದರೆ ‘ಪ್ರೆಪ್’ ಶಾಲೆಗಳ ಉದ್ದೇಶವನ್ನು ಒಂದೇ ಸಾಲಿನಲ್ಲಿ ಹೇಳಿಬಿಡಬಹುದು: ಮಗುವನ್ನು ಇನ್ನೊಂದು ಶಾಲೆಗೆ ತಯಾರು ಮಾಡುವುದು. ಈಟನ್, ವಿಂಚೆಸ್ಟರ್‌ನಂಥ ಹಳೆಯ ದುಬಾರಿ ಶಾಲೆಗಳು ಮಕ್ಕಳನ್ನು ಸೇರಿಸಿಕೊಳ್ಳುವುದು 13ನೇ ವಯಸ್ಸಿಗೆ. ಎಂಟರಿಂದ ಹದಿಮೂರರವರೆಗಿನ ವರ್ಷಗಳು ಪ್ರೆಪ್ ಶಾಲೆಗಳ ಪಾಲು. ಇವು ಸರ್ಕಾರದ ಅನುದಾನ ಪಡೆಯದೆ ಪೋಷಕರ ಫೀಸಿನಲ್ಲೇ ನಡೆಯುತ್ತವೆ. 1892ರಲ್ಲಿ ಇವುಗಳ ಮುಖ್ಯೋಪಾಧ್ಯಾಯರು ಒಂದು ಸಂಘ ಕಟ್ಟಿಕೊಂಡರು. ಅವರು ಮೊದಲು ಒಟ್ಟುಗೂಡಿದ್ದು ಪಠ್ಯಕ್ರಮದ ವಿಚಾರಕ್ಕಲ್ಲ, ಚಿಕ್ಕ ಹುಡುಗರು ಆಡುವ ಕ್ರಿಕೆಟ್ ಚೆಂಡಿನ ಗಾತ್ರ ಎಷ್ಟಿರಬೇಕು ಎಂದು ತೀರ್ಮಾನಿಸಲಿಕ್ಕೆ! ಪರೀಕ್ಷೆಯ ಮಾತು ಆಮೇಲೆ ಬಂತು. ಒಂದೊಂದು ಶಾಲೆಗೆ ಒಂದೊಂದು ಪ್ರವೇಶ ಪರೀಕ್ಷೆ ಬರೆಯುವ ಗೋಳು ತಪ್ಪಿಸಲು 1904ರಲ್ಲಿ ‘ಕಾಮನ್ ಎಂಟ್ರೆನ್ಸ್’ ಆರಂಭವಾಯಿತು. ಅದು ಇಂದಿಗೂ ಇದೆ.

ಪರೀಕ್ಷೆಗೆ ತಯಾರು ಮಾಡುವ ಶಾಲೆ ಎಂದ ಕೂಡಲೇ ನಮಗೆ ನೆನಪಾಗುವುದು ಕೋಚಿಂಗ್ ಸೆಂಟರ್. ಡ್ರ್ಯಾಗನ್ ಆ ದಾರಿ ಹಿಡಿಯದಿರಲು ಕಾರಣ ಒಂದು ಕುಟುಂಬ. 1886ರಲ್ಲಿ ಮುಖ್ಯೋಪಾಧ್ಯಾಯರಾದ ಸಿ. ಸಿ. ಲೈನಮ್‌ಗೆ ದೋಣಿಯ ಹುಚ್ಚು. ‘ಬ್ಲೂ ಡ್ರ್ಯಾಗನ್’ ಎಂಬ ಹಾಯಿದೋಣಿ ಇಟ್ಟುಕೊಂಡು ರಜೆಯಲ್ಲಿ ನಾರ್ವೆಯ ತುದಿಯವರೆಗೂ ಹೋಗಿಬರುತ್ತಿದ್ದರು, ಆ ಯಾನಗಳ ಬಗ್ಗೆ ಪುಸ್ತಕವನ್ನೂ ಬರೆದರು. ಹುಡುಗರು ಅವರನ್ನು ಕರೆಯುತ್ತಿದ್ದದ್ದು ‘ಸ್ಕಿಪ್ಪರ್’ ಎಂದು. ಅವರ ನಂತರ ಪಟ್ಟಕ್ಕೆ ಬಂದ ತಮ್ಮ ‘ಹಮ್’ ಆದರು. ಆಮೇಲೆ ತಮ್ಮನ ಮಗನ ಸರದಿ. ಹೀಗೆ 1960ರ ದಶಕದವರೆಗೂ ಶಾಲೆ ಲೈನಮ್ ಮನೆತನದ ಕೈಯಲ್ಲೇ ಇತ್ತು. ಮೇಷ್ಟ್ರುಗಳನ್ನು ಅಡ್ಡಹೆಸರಿನಿಂದ ಕರೆಯುವ ಸಲಿಗೆ ಆ ಕಾಲದ ಇಂಗ್ಲೆಂಡಿನಲ್ಲಿ ಸಣ್ಣ ಸಂಗತಿಯಲ್ಲ. ಶಾಲೆಗಳಲ್ಲಿ ಬೆತ್ತದ ಏಟು ಸಾಮಾನ್ಯವಾಗಿದ್ದ ಕಾಲ ಅದು.

1895ರಲ್ಲಿ ಶಾಲೆ ಬಾರ್ಡ್‌ವೆಲ್ ರಸ್ತೆಗೆ ಬಂತು. ಮೈದಾನ ಚಾರ್ವೆಲ್ ನದಿಯ ದಂಡೆಯವರೆಗೂ ಇದೆ. ಅದೇ ನದಿ ಇನ್ನಷ್ಟು ಕೆಳಗೆ ಹರಿದು, 1960ರಿಂದ 63ರವರೆಗೆ ಗಿರೀಶ ಕಾರ್ನಾಡರು ಓದಿದ ಮಾಡ್ಲಿನ್ ಕಾಲೇಜಿನ ಪಕ್ಕ ಹಾದುಹೋಗುತ್ತದೆ.

ಇಲ್ಲಿನ ಪಾಠ ತರಗತಿಯಾಚೆಗೆ ಎಷ್ಟು ನಡೆಯುತ್ತಿತ್ತು ಎನ್ನುವುದಕ್ಕೆ ಕವಿ ಜಾನ್ ಬೆಟ್ಜೆಮನ್ ಒಳ್ಳೆಯ ಉದಾಹರಣೆ. 1917ರಲ್ಲಿ ಆತ ಇಲ್ಲಿ ಹಾಸ್ಟೆಲ್ ಹುಡುಗ. ಜೆರಾಲ್ಡ್ ಹೇಯ್ನ್ಸ್ ಎಂಬ ಮೇಷ್ಟ್ರಿಗೆ ಹಳೆಯ ಚರ್ಚುಗಳೆಂದರೆ ಪ್ರಾಣ. ಮಕ್ಕಳ ಬಾಯಲ್ಲಿ ಅವರು ‘ಟಾರ್ಟಾಯ್ಸ್’, ಅಂದರೆ ಆಮೆ. ಆಮೆ ಮೇಷ್ಟ್ರು ಹುಡುಗರನ್ನು ಸೈಕಲ್ಲಿನಲ್ಲಿ ಹೊರಡಿಸಿಕೊಂಡು ಆಕ್ಸ್‌ಫರ್ಡ್ ಸುತ್ತಲ ಹಳ್ಳಿಗಳ ಚರ್ಚುಗಳನ್ನು ತೋರಿಸುತ್ತಿದ್ದರು. ಈ ಕಮಾನು ಯಾವ ಕಾಲದ್ದು, ಆ ಕಿಟಕಿಗೆ ಯಾಕೆ ಈ ಆಕಾರ ಎಂದು ನೋಡಿ ಗುರುತಿಸುವುದನ್ನು ಕಲಿಸುತ್ತಿದ್ದರು. ಯಾವ ಪ್ರವೇಶ ಪರೀಕ್ಷೆಯಲ್ಲೂ ಇದಕ್ಕೆ ಅಂಕವಿಲ್ಲ. ಆದರೆ ಹುಡುಗನಿಗೆ ಕಟ್ಟಡಗಳ ಗೀಳು ಹತ್ತಿದ್ದು ಹಾಗೆ. ಮುಂದೆ ಬ್ರಿಟನ್ನಿನ ಆಸ್ಥಾನಕವಿಯಾದ ಬೆಟ್ಜೆಮನ್, ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣವನ್ನು ಕೆಡವಬಾರದೆಂದು ಹೋರಾಡಿದವರಲ್ಲಿ ಪ್ರಮುಖರು. ಆ ನಿಲ್ದಾಣದೊಳಗೆ ಈಗ ಅವರ ಪ್ರತಿಮೆಯಿದೆ.

ಹುಡುಗರ ಶಾಲೆಯಾದರೂ ಕೆಲವು ಹುಡುಗಿಯರು ಹಿಂದಿನಿಂದಲೂ ಇದ್ದರು. ಲೇಖಕಿ ಆಂಟೋನಿಯಾ ಫ್ರೇಸರ್ ಇಲ್ಲಿ ಹುಡುಗರ ಜೊತೆ ರಗ್ಬಿ ಆಡಿದವರು. ಕಾದಂಬರಿಕಾರ್ತಿ ನವೋಮಿ ಮಿಚಿಸನ್ ಕತೆ ಅಷ್ಟು ಸರಾಗವಲ್ಲ. ಅಣ್ಣನ ಹಿಂದೆಯೇ ಶಾಲೆಗೆ ಬಂದು ಚೆನ್ನಾಗಿಯೇ ಓದುತ್ತಿದ್ದ ಹುಡುಗಿ ಮೈನೆರೆದ ಕೂಡಲೇ ಮನೆಯವರು ಶಾಲೆ ಬಿಡಿಸಿ, ಮನೆಪಾಠಕ್ಕೆ ಹಾಕಿದರು. ನಮ್ಮ ಅಜ್ಜಿಯಂದಿರಿಗೆ ಇದು ತೀರಾ ಪರಿಚಿತ ಕತೆ. ಅಪ್ಪ ವಿಜ್ಞಾನಿಯಾಗಿದ್ದ ಈ ಮನೆಯಲ್ಲೂ ಹಾಗೇ ನಡೆಯಿತು. ಶಾಲೆ ಪೂರ್ತಿಯಾಗಿ ಸಹಶಿಕ್ಷಣಕ್ಕೆ ತೆರೆದುಕೊಂಡದ್ದು 1990ರ ದಶಕದಲ್ಲಿ. ಹ್ಯಾರಿ ಪಾಟರ್ ಚಿತ್ರಕ್ಕೆ ಆಯ್ಕೆಯಾದಾಗ ಎಮ್ಮಾ ವಾಟ್ಸನ್ ಇಲ್ಲಿನ ವಿದ್ಯಾರ್ಥಿನಿ. ನವೋಮಿಯ ಆ ಅಣ್ಣ ಬೇರೆ ಯಾರೂ ಅಲ್ಲ, ಜೆ. ಬಿ. ಎಸ್. ಹಾಲ್ಡೇನ್. ಇಲ್ಲಿಂದ ಸ್ಕಾಲರ್‌ಶಿಪ್ ಪಡೆದು ಈಟನ್ ಸೇರಿ, ಜಗತ್ಪ್ರಸಿದ್ಧ ಜೀವವಿಜ್ಞಾನಿಯಾಗಿ, 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು.

ಕೊಡಗಿನ ಕಾಫಿ ತೋಟಕ್ಕೂ ಬಾರ್ಡ್‌ವೆಲ್ ರಸ್ತೆಗೂ ಒಂದು ನಂಟಿದೆ. ವಿಲಿಯಂ ಲೀಫ್ ರಾಬಿನ್ಸನ್ ಹುಟ್ಟಿದ್ದು 1895ರಲ್ಲಿ, ಕೊಡಗಿನಲ್ಲಿ. ಬೆಳೆದದ್ದು ಪಾಲಿಬೆಟ್ಟದ ತೋಟದಲ್ಲಿ. ತೋಟದ ದೊರೆಗಳ ಮಕ್ಕಳು ಓದಿಗಾಗಿ ಸಮುದ್ರ ದಾಟುವುದು ಆಗಿನ ವಾಡಿಕೆ. ಆತ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ ಆಕ್ಸ್‌ಫರ್ಡಿನ ಡ್ರ್ಯಾಗನ್‌ನಲ್ಲೂ ಓದಿದ. 1909ರಲ್ಲಿ ಇಂಗ್ಲೆಂಡಿನ ಸೇಂಟ್ ಬೀಸ್ ಶಾಲೆಗೆ ಸೇರಿದ. ಮೊದಲ ಮಹಾಯುದ್ಧದಲ್ಲಿ ಜರ್ಮನರ ದೈತ್ಯ ವಾಯುನೌಕೆಗಳು ರಾತ್ರಿ ಹೊತ್ತು ಲಂಡನ್ ಮೇಲೆ ಬಾಂಬು ಸುರಿಯುತ್ತಿದ್ದಾಗ, ಬ್ರಿಟನ್ನಿನ ನೆಲದ ಮೇಲೆ ಅಂಥದೊಂದನ್ನು ಮೊದಲು ಹೊಡೆದುರುಳಿಸಿದವನು ಇವನೇ. ಅದು 1916ರ ಸೆಪ್ಟೆಂಬರ್ 3ರ ನಸುಕು. ಉರಿಯುತ್ತಾ ಬಿದ್ದ ನೌಕೆಯಲ್ಲಿ 16 ಜರ್ಮನರಿದ್ದರು, ಒಬ್ಬರೂ ಉಳಿಯಲಿಲ್ಲ. ರಾಬಿನ್ಸನ್‌ಗೆ ಎರಡೇ ದಿನದಲ್ಲಿ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಮರುವರ್ಷ ಸೆರೆಸಿಕ್ಕು, ಯುದ್ಧ ಮುಗಿದ ಮೇಲೆ ಜರ್ಜರಿತನಾಗಿ ಮರಳಿ, 1918ರ ಡಿಸೆಂಬರ್ 31ರಂದು ಆ ಕಾಲದ ಮಹಾಮಾರಿ ಫ್ಲೂ ಜ್ವರಕ್ಕೆ ಬಲಿಯಾದಾಗ ಅವನಿಗೆ 23 ವರ್ಷ.

ಡ್ರ್ಯಾಗನ್‌ನಿಂದ ಹೋದ ಇನ್ನೊಬ್ಬ ವಿಕ್ಟೋರಿಯಾ ಕ್ರಾಸ್ ವೀರ ಲೆನಾರ್ಡ್ ಚೆಷೈರ್. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ಪೈಲಟ್ ಆಗಿದ್ದ ಇವರು ಯುದ್ಧದ ನಂತರ ಅಂಗವಿಕಲರಿಗೆ ಆಶ್ರಯಧಾಮಗಳನ್ನು ಕಟ್ಟುತ್ತಾ ಹೋದರು. ಬೆಂಗಳೂರಿನ ಚೆಷೈರ್ ಹೋಮ್ ಆ ಪರಂಪರೆಯದೇ.

ಪ್ರೆಪ್ ಶಾಲೆಯ ದಿನಚರಿ ಇಂದಿಗೂ ಉದ್ದದ್ದೇ. ಬೆಳಿಗ್ಗೆ ಪಾಠ, ಮಧ್ಯಾಹ್ನ ಆಟ, ಆಮೇಲೆ ಸಂಗೀತ, ನಾಟಕದ ತಾಲೀಮು. ಸಂಜೆ ‘ಪ್ರೆಪ್’, ಅಂದರೆ ಮೇಷ್ಟ್ರ ಕಣ್ಗಾವಲಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ಮಾಡುವ ಹೋಂವರ್ಕ್. ಪಾಠಪಟ್ಟಿಯಲ್ಲಿ ಲ್ಯಾಟಿನ್ ಇನ್ನೂ ಉಳಿದಿರುವುದು ಹೆಚ್ಚಾಗಿ ಇಂಥ ಶಾಲೆಗಳಲ್ಲೇ. ಬೇರೆ ಶಾಲೆಯ ತಂಡ ಮ್ಯಾಚಿಗೆ ಬಂದರೆ, ಸೋತವರೂ ಗೆದ್ದವರೂ ಒಂದೇ ಮೇಜಿಗೆ ಕೂತು ಸ್ಯಾಂಡ್‌ವಿಚ್, ಕೇಕು ತಿಂದು ಚಹಾ ಕುಡಿದೇ ಹೊರಡಬೇಕು. ಹಾಸ್ಟೆಲ್ ಮಕ್ಕಳ ಕೋಟಿನಿಂದ ಕಾಲುಚೀಲದವರೆಗೆ ಪ್ರತಿಯೊಂದಕ್ಕೂ ಹೆಸರು ನೇಯ್ದ ಪುಟ್ಟ ಪಟ್ಟಿ ಹೊಲಿದಿರಬೇಕು; ಇಂಥ ಪಟ್ಟಿ ನೇಯುವುದರಲ್ಲಿ ಕೊವೆಂಟ್ರಿಯ ಕ್ಯಾಶ್ಸ್ ಕಂಪನಿ ತಲೆಮಾರುಗಳಿಂದ ಹೆಸರುವಾಸಿ. ಬಟ್ಟೆ, ಜ್ವರ, ಮನೆ ನೆನಪಾಗಿ ಬರುವ ಅಳು ಇವೆಲ್ಲ ಮೇಟ್ರನ್ ಇಲಾಖೆ.

ಆ ಅಳುವಿನ ಬಗ್ಗೆ ಇಂಗ್ಲಿಷ್ ಸಾಹಿತ್ಯದಲ್ಲೇ ಸಾಕಷ್ಟು ಸಾಕ್ಷ್ಯವಿದೆ. ಈಸ್ಟ್‌ಬೋರ್ನ್‌ನ ಸೇಂಟ್ ಸಿಪ್ರಿಯನ್ಸ್ ಎಂಬ ಪ್ರೆಪ್ ಶಾಲೆಯಲ್ಲಿ ರಿಯಾಯಿತಿ ಫೀಸಿನಲ್ಲಿ ಓದಿದ ಜಾರ್ಜ್ ಆರ್ವೆಲ್, ಅಲ್ಲಿನ ಏಟು, ಹಸಿವು, ಬಡವನೆಂಬ ಹಂಗಿಸುವಿಕೆಯ ಬಗ್ಗೆ ಬರೆದ ಪ್ರಬಂಧ ಅವರು ಸತ್ತ ಮೇಲೆ, 1952ರಲ್ಲಿ ಪ್ರಕಟವಾಯಿತು. ರೋಆಲ್ಡ್ ಡಾಲ್ 1925ರಲ್ಲಿ ಒಂಬತ್ತರ ವಯಸ್ಸಿಗೆ ವೆಸ್ಟನ್‌ನ ಸೇಂಟ್ ಪೀಟರ್ಸ್ ಸೇರಿ, ಅಂದಿನಿಂದ ತಾಯಿಗೆ ಪತ್ರ ಬರೆಯುತ್ತಾ ಬಂದರು. ಶಾಲೆಯಲ್ಲಿ ಹೆಡ್‌ಮಾಸ್ಟರು ಹಿಂದೆ ನಿಂತು ಇಣುಕುತ್ತಿದ್ದುದರಿಂದ ನಿಜವಾದ ಕಷ್ಟ ಬರೆಯುವಂತಿರಲಿಲ್ಲ. ಮಗನ ಆರುನೂರಕ್ಕೂ ಹೆಚ್ಚು ಪತ್ರಗಳನ್ನು ತಾಯಿ ಕಟ್ಟಿಟ್ಟಿದ್ದು ಅವರಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಭಾರತ ಮೂಲದ ಪ್ರವಾಸ ಲೇಖಕ ಪಿಕೊ ಅಯ್ಯರ್ ಅವರದು ಮತ್ತೊಂದು ಬಗೆ: ಅಪ್ಪ ಅಮ್ಮ ಕ್ಯಾಲಿಫೋರ್ನಿಯಾದಲ್ಲಿ, ಮಗ ಡ್ರ್ಯಾಗನ್ ಹಾಸ್ಟೆಲಿನಲ್ಲಿ. ಒಂಬತ್ತರ ಪೋರ ಒಬ್ಬನೇ ವಿಮಾನ ಹತ್ತಿ ಓಡಾಡುತ್ತಿದ್ದ.

ಮಕ್ಕಳನ್ನು ಬೇಗ ಮನೆಯಿಂದ ಕಳಿಸುವುದು ನಮಗೂ ಹೊಸದಲ್ಲ. ಆರನೇ ತರಗತಿಗೆ ನವೋದಯ ಪರೀಕ್ಷೆ ಬರೆದು ಟ್ರಂಕು ಹಿಡಿದು ಹೊರಡುವ ಮಕ್ಕಳು ಕರ್ನಾಟಕದ ಎಲ್ಲ ಕಡೆ ಇದ್ದಾರೆ. ವ್ಯತ್ಯಾಸ ದುಡ್ಡಿನದು. ನವೋದಯದಲ್ಲಿ ಊಟ, ವಸತಿ ಉಚಿತ. ಹಳ್ಳಿಯ ಮಗುವಿಗೆ ಅದು ಮೇಲೇರುವ ದಾರಿ. ಪ್ರೆಪ್ ಶಾಲೆಯ ಹಾಸ್ಟೆಲಿಗೆ ವರ್ಷಕ್ಕೆ ಹತ್ತಾರು ಸಾವಿರ ಪೌಂಡ್ ಬೇಕು. ಸ್ಕಾಲರ್‌ಶಿಪ್, ರಿಯಾಯಿತಿ ಇವೆ, ಆದರೆ ಅದು ಕೆಲವರಿಗಷ್ಟೆ. ಖಾಸಗಿ ಶಾಲೆಗಳಲ್ಲಿ ಓದುವವರು ಆ ದೇಶದ ಮಕ್ಕಳಲ್ಲಿ ನೂರಕ್ಕೆ ಏಳರ ಆಸುಪಾಸು. ಮೇಲಿನ ಹುದ್ದೆಗಳಲ್ಲಿ ಮಾತ್ರ ಅವರ ಪಾಲು ಅದಕ್ಕಿಂತ ಎಷ್ಟೋ ಹೆಚ್ಚು ಎಂಬ ತಕರಾರು ಅಲ್ಲಿ ಹಳೆಯದು. 2025ರ ಜನವರಿಯಿಂದ ಈ ಫೀಸಿನ ಮೇಲೆ ಶೇ 20ರಷ್ಟು ವ್ಯಾಟ್ ಬೇರೆ ಬಿದ್ದಿದೆ. ಇನ್ನೊಂದು ಕಡೆ ಪರೀಕ್ಷೆಯ ಒತ್ತಡ ಇನ್ನೂ ಚಿಕ್ಕ ವಯಸ್ಸಿಗೆ ಇಳಿಯುತ್ತಿದೆ. 13ಕ್ಕೆ ಸೇರಬೇಕಾದ ಶಾಲೆಗೆ ಹತ್ತು-ಹನ್ನೊಂದನೇ ವಯಸ್ಸಿನಲ್ಲೇ ಕಂಪ್ಯೂಟರ್ ಮುಂದೆ ಕೂತು ಪೂರ್ವಪರೀಕ್ಷೆ ಬರೆಯಬೇಕಾಗಿ ಬಂದಿದೆ. ಆಮೆ ಮೇಷ್ಟ್ರಂಥವರ ಸೈಕಲ್ ಸವಾರಿಗೆ ಇನ್ನು ಸಮಯ ಹೊಂದಿಸುವುದು ಸುಲಭವಲ್ಲ. ಇಂಥ ಶಾಲೆಗಳಿಗೆ ಅದೇ ದೊಡ್ಡ ನಷ್ಟವಾದೀತು.

ಆಕ್ಸ್‌ಫರ್ಡಿಗೆ ಹೋಗುವ ಓದುಗರಿಗೊಂದು ಸೂಚನೆ: ಡ್ರ್ಯಾಗನ್ ಪ್ರವಾಸಿ ತಾಣವಲ್ಲ, ಸುಮ್ಮನೆ ನೋಡಿಬರುತ್ತೇವೆಂದರೆ ಒಳಗೆ ಬಿಡುವುದಿಲ್ಲ. ಆದರೆ ಅದೇ ಬಾರ್ಡ್‌ವೆಲ್ ರಸ್ತೆಯ ಕೊನೆಗೆ ಚಾರ್ವೆಲ್ ಬೋಟ್‌ಹೌಸ್ ಇದೆ. ಬೇಸಿಗೆಯಲ್ಲಿ ಅಲ್ಲಿ ದೋಣಿ ಬಾಡಿಗೆಗೆ ಸಿಗುತ್ತದೆ.