ಕುಡಿಯುವ ನೀರಿನ ಕಾವಲು ಯಾರದು?

ಹೆತ್ತ ಮಕ್ಕಳು ಆರೋಗ್ಯದಿಂದ ಬೆಳೆಯಲೆಂಬುದು ಪ್ರತಿಯೊಬ್ಬ ತಾಯಿತಂದೆಯ ಹಾರೈಕೆ. ಆದರೆ ಕೊಡದಲ್ಲಿ ತಿಳಿಯಾಗಿ ಕಾಣುವ ನೀರೆಲ್ಲವೂ ಶುದ್ಧವಲ್ಲ. ಬಚ್ಚಲು ಹಾಗೂ ಶೌಚಗುಂಡಿಯ ಕೊಳಚೆಯು ಬಾವಿಗೆ ಬಸಿದರೆ ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳು ಮನೆಯನ್ನು ಹೊಗುತ್ತವೆ. ಅಂತಹ ನೀರಿನಲ್ಲಿ ನೈಟ್ರೇಟ್ ಲವಣವು ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಹಸುಗೂಸುಗಳಿಗೆ ಅಪಾಯ. ನೀರನ್ನು ಕುದಿಸಿದರೂ ಅದು ಹೋಗದು. ಆದುದರಿಂದ ಆರು ತಿಂಗಳು ತುಂಬುವವರೆಗೆ ಮಗುವಿಗೆ ಎದೆಹಾಲನ್ನು ಮಾತ್ರ ಕೊಡಿರಿ, ನೀರನ್ನೂ ಕುಡಿಸಬೇಡಿರಿ.

ಕುಡಿಯುವ ನೀರಿನ ಪೂರೈಕೆ, ಚರಂಡಿಗಳ ನಿರ್ಮಲತೆ ಗ್ರಾಮ ಪಂಚಾಯಿತಿಯ ಹೊಣೆ. ಕಾರ್ಖಾನೆಗಳ ಕೊಳಚೆಯನ್ನು 1974ರ ಜಲಮಾಲಿನ್ಯ ಅಧಿನಿಯಮದಂತೆ, ಹೊಗೆಯನ್ನು 1981ರ ವಾಯುಮಾಲಿನ್ಯ ಅಧಿನಿಯಮದಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಹತೋಟಿಯಲ್ಲಿಡತಕ್ಕದ್ದು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಪ್ರತಿ ಗ್ರಾಮದ 5 ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ನೀಡಬೇಕೆಂದು ಗೊತ್ತುಪಡಿಸಿದೆ. ಪರೀಕ್ಷಾ ಸೀಸೆಯಲ್ಲಿ ತುಂಬಿಟ್ಟ ನೀರು ಒಂದೆರಡು ದಿನಗಳಲ್ಲಿ ಕಪ್ಪಾದರೆ ಮಲದ ಕಲ್ಮಶ ಸೇರಿರಬಹುದೆಂದು ತಿಳಿಯಿರಿ.

ನೀವು ಮಾಡಬೇಕಾದುದು:

1. ಇಂಗುಗುಂಡಿ, ಶೌಚಗುಂಡಿ, ತಿಪ್ಪೆಗಳು ಬಾವಿಯಿಂದ ಕನಿಷ್ಠ 50 ಅಡಿ ದೂರವಿರಲಿ.

2. ಬಾವಿ, ತೊಟ್ಟಿಗಳಿಗೆ ಬ್ಲೀಚಿಂಗ್ ಪುಡಿ ಹಾಕಿಸಿರಿ. ಅರ್ಧ ಗಂಟೆಯಾದ ಮೇಲೂ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

3. ಕುಡಿಯುವ ನೀರನ್ನು ಕುದಿಸಿ, ಆರಿಸಿ, ಮುಚ್ಚಿಡಿರಿ. ಹಿಡಿಯುಳ್ಳ ಸೌಟಿನಿಂದ ತೆಗೆಯಿರಿ.

4. ಭೇದಿಯಾದ ಮಗುವಿಗೆ ಒಡನೆಯೇ ಓ.ಆರ್.ಎಸ್. ದ್ರಾವಣ ಕುಡಿಸುತ್ತಾ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

5. ಒಂದೇ ಬೀದಿಯ ಎರಡು ಮೂರು ಮನೆಗಳಲ್ಲಿ ಭೇದಿ ಕಂಡರೆ ಅಂದೇ ಆಶಾ ಕಾರ್ಯಕರ್ತೆಗೆ ತಿಳಿಸಿರಿ.

ನೀರಿನ ಪರೀಕ್ಷೆಯ ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಪತಿಪತ್ನಿಯರಿಬ್ಬರೂ ಕೇಳಿರಿ. ಕೇಳುವವರಿದ್ದ ಊರಿನಲ್ಲಿ ಕಾವಲೂ ಎಚ್ಚರವಾಗಿರುತ್ತದೆ.